ತಮಗೆ ಅನುಕೂಲವಿದ್ದರೆ

ಕ್ರಿಸ್ತಶಕ 2194, ಹದಿಮೂರನೆಯ ತಿಂಗಳು, ಮೂವತ್ತಾರನೆಯ ತಾರೀಕು
ಕಾರವಾರ

ಆರು ತಲೆಮಾರಿನ ಹಿಂದಿನ ಅಜ್ಜಿ ಚೆನ್ನವೀರಮ್ಮನವರಿಗೆ ನೀಲವ್ವ ಮಾಡುವ ನಮಸ್ಕಾರಗಳು.

ತಾರೀಕು ನೋಡಿ, ಯಾವಳೋ ಹುಚ್ಚಿ ಬರೆದ ಪತ್ರವೆಂದು ಎಸೆಯಬೇಡಿ. ಬಿಸಿಲು ವಿಪರೀತವಾದ ಮೇಲೆ ನಮ್ಮವರು ವರ್ಷಕ್ಕೆ ‘ಬೇಗೆ ತಿಂಗಳು’ ಎಂದು ಇನ್ನೊಂದನ್ನು ಸೇರಿಸಿದ್ದಾರೆ, ಅದು ಮುಗಿಯುವುದೇ ಇಲ್ಲ. ನನ್ನ ಮಾತುಗಳು ನಿಮಗೆ ವಿಚಿತ್ರ ಅನ್ನಿಸಬಹುದು, ಕ್ಷಮಿಸಿ. ಎರಡು ಸಲ ಶಾಲೆ ಸೇರಿ ಎರಡು ಸಲ ಬಿಟ್ಟವಳು ನಾನು. ಆರನೆಯ ಇಯತ್ತೆ ಪೂರ್ತಿಯಾಗಲಿಲ್ಲ. ನಿಮಗೀಗ ಮೂವತ್ತೊಂದು, ನನಗೆ ಐವತ್ತೆರಡು. ಅಜ್ಜಿ ಎನ್ನಲೋ ತಂಗಿ ಎನ್ನಲೋ ಎಂದು ಅರ್ಧ ದಿನ ಚಿಂತೆ ಮಾಡಿದೆ. ಇದಕ್ಕೆ ಹಿಂದೋಲೆ ಎನ್ನುತ್ತೇವೆ, ಅಂದರೆ ಕಳೆದ ಕಾಲಕ್ಕೆ ಹೋಗುವ ಕಾಗದ. ಜೀವಮಾನದಲ್ಲಿ ಒಬ್ಬರಿಗೆ ಒಂದೇ. ತೀರಿಹೋದ ನಮ್ಮವ್ವನಿಗೆ ಬರೆಯಬೇಕೆಂದು ಎತ್ತಿಟ್ಟುಕೊಂಡಿದ್ದೆ. ಅದನ್ನು ನಿಮಗೆ ಬರೆಯುತ್ತಿದ್ದೇನೆ ಎಂದರೆ ನನ್ನ ಸಂಕಟ ಎಂಥದ್ದಿರಬೇಕು, ನೀವೇ ನೋಡಿ.

ನಿನ್ನೆ ನೀವು ಮೊದಲ ಸಲ ವಿಮಾನ ಹತ್ತಿದ್ದೀರಿ. ಇನ್ನೇನು ನೆಲ ಮುಟ್ಟಬೇಕು ಅನ್ನುವಷ್ಟರಲ್ಲಿ ಅದು ಮೂತಿ ಎತ್ತಿ ಮತ್ತೆ ಮೇಲಕ್ಕೆ ಹೋಯಿತು. ಪೈಲಟ್ ಮೈಕಿನಲ್ಲಿ ‘ಗೋ ಅರೌಂಡ್’ ಎಂದರು. ನೀವು ಕಿರುಚಿದಿರಿ, ಪಕ್ಕದವರ ಕೈ ಪರಚಿದಿರಿ. ಇವತ್ತು ಸಿಟ್ಟಿನಲ್ಲಿ ಒಂದು ಅರ್ಜಿ ಬರೆದಿದ್ದೀರಿ: ಪೈಲಟ್‌ಗಳು ಪ್ರಯಾಣಿಕರ ಎದೆ ಒಡೆಯುವಂಥ ತಮ್ಮ ಕಸುಬಿನ ಮಾತು ಆಡಬಾರದು, ಸಮಾಧಾನದ ಮಾತು ಆಡಬೇಕು ಎಂದು. ನಾಳೆ ಅದನ್ನು ಅಂಚೆಗೆ ಹಾಕುತ್ತೀರಿ. ನನಗೆ ಹೇಗೆ ಗೊತ್ತು ಅಂದರೆ, ಆ ಅರ್ಜಿಯ ಪ್ರತಿಗೆ ನಮ್ಮ ಮನೆಯಲ್ಲಿ ಚೌಕಟ್ಟು ಹಾಕಿಸಿ ದೇವರ ಪಕ್ಕ ತೂಗುಹಾಕಿದ್ದಾರೆ. ನಿಮ್ಮ ಹಿಂದೆ ಸಾವಿರ ಜನ ಸಹಿ ಹಾಕಿದರು, ಆಮೇಲೆ ಲಕ್ಷ ಜನ. ಕಾನೂನೇ ಆಯಿತು.

ಆ ಕಾನೂನಿನಿಂದ ಹುಟ್ಟಿದ್ದು ನನ್ನ ಕೆಲಸ. ನಾನು ಹಿತನುಡಿಗಾರ್ತಿ. ಪೈಲಟ್ ದನಿ ಪ್ರಯಾಣಿಕರ ಕಿವಿಗೆ ಬೀಳಕೂಡದು. ಪೈಲಟ್ ಕೋಣೆಯ ಬಾಗಿಲಿನ ಈಚೆ ಕುಳಿತು, ಕಿವಿಗೆ ಸಿಕ್ಕಿಸಿದ ಯಂತ್ರದಲ್ಲಿ ನಾನು ಕೇಳಿಸಿಕೊಂಡು, ಮೆತ್ತಗೆ ಮಾಡಿ ಹೇಳಬೇಕು. ವಿಮಾನ ಕುಲುಕಾಡಿದರೆ ‘ತೊಟ್ಟಿಲು’. ನಿಮ್ಮನ್ನು ಹೆದರಿಸಿದ ಗೋ ಅರೌಂಡ್ ಈಗ ‘ಪ್ರದಕ್ಷಿಣೆ’. ಏನನ್ನಾದರೂ ಮಾಡಿರೆಂದು ಹೇಳುವಾಗಲೂ ಮೊದಲು ‘ತಮಗೆ ಅನುಕೂಲವಿದ್ದರೆ’ ಅನ್ನಬೇಕು, ಇದು ಕಡ್ಡಾಯ. ಈ ಕೆಲಸಕ್ಕೆ ಓದಿದವರನ್ನು ಹುಡುಕುವುದಿಲ್ಲ, ಅಂಜುಬುರುಕರನ್ನು ಹುಡುಕುತ್ತಾರೆ. ಅಂಜುವವರಿಗೇ ಅಂಜಿಕೆಯ ಮದ್ದು ಗೊತ್ತಂತೆ. ಬಾಗಿಲಿಗೆ ಚಿಲಕ ಹಾಕಿದೆನೋ ಇಲ್ಲವೋ ಎಂದು ಮೂರು ಸಲ ಎದ್ದು ನೋಡುವ ನನಗೆ ಕೆಲಸ ಸಿಕ್ಕಿದ್ದು ಹಾಗೆ. ಇಪ್ಪತ್ತಾರು ವರ್ಷ ಮಾಡಿದೆ.

ಹೋದ ವಾರ ಮಧ್ಯಾಹ್ನ ಬಾಗಲಕೋಟೆಯಿಂದ ಕಾರವಾರಕ್ಕೆ ಬರುವಾಗ ಚಕ್ರಗಳು ಇಳಿಯಲಿಲ್ಲ. ಕ್ಯಾಪ್ಟನ್ ಮೆಹರೂನ್ ನದಾಫ್ ಎಲ್ಲ ಪ್ರಯತ್ನ ಮಾಡಿದರು, ಆಗಲಿಲ್ಲ. ಹೊಟ್ಟೆಯ ಮೇಲೇ ಇಳಿಸಬೇಕಾಯಿತು. ಕೆಳಗೆ ನಿಲ್ದಾಣದವರು ಕೇಳಿದರು: ‘ಎಷ್ಟು ಜೀವ?’ ಟಿಕೆಟ್ ಎಷ್ಟು ಎಂದಲ್ಲ. ಬದುಕಿಸಲು ಬರುವವರಿಗೆ ಮಡಿಲ ಕೂಸೂ ಲೆಕ್ಕಕ್ಕೆ ಬೇಕು, ಹಾರಿಸುವವರೂ ಬೇಕು, ಅದಕ್ಕೇ ಆ ಮಾತು. ‘ಎಪ್ಪತ್ತಮೂರು ಜೀವ’ ಎಂದರು ಕ್ಯಾಪ್ಟನ್. ಅದರಲ್ಲಿ ನಾನೂ ಒಂದು ಎಂದು ಆಗ ಹೊಳೆಯಿತು. ನಾನು ಮೈಕಿನಲ್ಲಿ ಹೇಳಿದ್ದೇನು ಗೊತ್ತೇ? ‘ಸ್ವಲ್ಪ ತೊಟ್ಟಿಲು.’

ಮುಂದಿನ ಸಾಲಿನಲ್ಲಿ ನಿಂಗಬಸಪ್ಪ ಎಂಬ ಮುದುಕರಿದ್ದರು. ನನ್ನನ್ನೇ ನೋಡಿ, “ಏನವ್ವಾ, ದನಿ ನಡಗಾಕತ್ತೈತಿ, ಮಾತು ಮಾತ್ರ ಬೆಲ್ಲ ಆಗೈತಿ. ಖರೇ ಹೇಳು, ಏನ್ ನಡದೈತಿ?” ಎಂದರು. ನಾನು ನಕ್ಕೆ. ನಗಬೇಕು, ಅದೂ ನಿಯಮ.

ಆಗ ಒಳಗಿನಿಂದ ಕ್ಯಾಪ್ಟನ್, “ಬ್ರೇಸ್! ಬ್ರೇಸ್!” ಎಂದರು. ತಲೆ ತಗ್ಗಿಸಿ ಮುಂದಿನ ಸೀಟಿಗೆ ಒತ್ತಿ ಹಿಡಿಯಿರಿ, ಈಗ ಅಪ್ಪಳಿಸುತ್ತದೆ ಎಂದು ಅದರ ಅರ್ಥ. ನಾನು ಮೈಕ್ ಹಿಡಿದು ಹೇಳಿದೆ: “ತಮಗೆ ಅನುಕೂಲವಿದ್ದರೆ ಮುಂದಕ್ಕೆ ಬಾಗಿ ವಿಶ್ರಮಿಸಿ.” ಯಾರೂ ಅಲುಗಾಡಲಿಲ್ಲ. ಒಬ್ಬರು ಆಕಳಿಸಿದರು. ಬಾಗಿಲಾಚೆಯಿಂದ ಕ್ಯಾಪ್ಟನ್ ಚೀರಿದರು, “ಒದರ ನೀಲವ್ವಾ! ಒದರ!” ಅಜ್ಜಿ, ನನಗೆ ಒದರಲು ಬರಲಿಲ್ಲ. ಗಂಟಲಲ್ಲಿ ಆ ದಾರಿಯೇ ಮುಚ್ಚಿಹೋಗಿತ್ತು. ಅದೇ ಮಾತನ್ನು ಎರಡನೆಯ ಸಲ ಹೇಳಿದೆ, ಇನ್ನಷ್ಟು ಇಂಪಾಗಿ.

ನಿಂಗಬಸಪ್ಪನವರು ನನ್ನ ಮುಖ ನೋಡಿಯೇ ಬಾಗಿದರು, ಅವರನ್ನು ನೋಡಿ ಕೆಲವರು ಬಾಗಿದರು. ಸತ್ತವರಿಲ್ಲ. ಒಂಬತ್ತನೆಯ ಸಾಲಿನಲ್ಲಿ ಕಸ್ತೂರಿ ಇದ್ದಳು, ಇಲ್ಲಿಯ ಬಂದರಿನಲ್ಲಿ ಕ್ರೇನ್ ನಡೆಸುವವಳು, ಮೂವತ್ತನಾಲ್ಕು ವರ್ಷ. ಅವಳ ಕುತ್ತಿಗೆಯ ಮೂಳೆ ಮುರಿಯಿತು. ಕೈ ಕಾಲು ಇನ್ನು ಆಡುವುದಿಲ್ಲವಂತೆ. ಆಸ್ಪತ್ರೆಗೆ ಹೋಗಿ ಅವಳ ಮಂಚದ ಬಳಿ ನಿಂತೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಇಷ್ಟು ಸಂಕಟ ಆಗುತ್ತಿರಲಿಲ್ಲ. ತಪ್ಪು ಅವಳದೇ ಎಂಬ ಹಾಗೆ ಮೆಲ್ಲಗೆ ಹೇಳಿದಳು: “ನನಗ ಅನುಕೂಲ ಇರಲಿಲ್ರೀ ಅಕ್ಕಾ. ಅವಲಕ್ಕಿ ತಾಟ ತೊಡಿ ಮ್ಯಾಲಿತ್ತು.”

ವಿಚಾರಣೆಯವರು ಬಂದು ನನ್ನ ಮಾತಿನ ಧ್ವನಿಮುದ್ರಣ ಕೇಳಿದರು. ಒಂದಕ್ಷರವೂ ತಪ್ಪಿಲ್ಲ, ನಿಯಮದಂತೆ ನುಡಿದಿದ್ದಾಳೆ ಎಂದು ಬರೆದುಕೊಟ್ಟು ಹೋದರು. ಆ ಕಾಗದ ಓದಿದಾಗಿನಿಂದ ಅನ್ನ ಇಳಿಯುತ್ತಿಲ್ಲ.

ಅಜ್ಜಿ, ನಿನ್ನೆ ನಿಮ್ಮ ವಿಮಾನ ಇಳಿಯಬೇಕಾದ ದಾರಿಯಲ್ಲಿ ಇನ್ನೊಂದು ವಿಮಾನ ನಿಂತಿತ್ತು. ಅದಕ್ಕೇ ಪೈಲಟ್ ಮೇಲಕ್ಕೆ ಎತ್ತಿದ್ದು. ಅದು ಅವರಿಗೆ ದಿನದ ಕೆಲಸ, ನೀವು ಬದುಕಿದ್ದೂ ಅದರಿಂದಲೇ. ಊರಿಗೆ ಹಿಂತಿರುಗುವಾಗ ನೀವು ಮತ್ತೆ ವಿಮಾನ ಹತ್ತುತ್ತೀರಿ. ನಿಮ್ಮ ಕಾಲದಲ್ಲಿ ಒಮ್ಮೊಮ್ಮೆ ಪೈಲಟ್ ಬಾಗಿಲ ಬಳಿ ಬಂದು ನಿಲ್ಲುತ್ತಿದ್ದರಂತಲ್ಲ, ಕಂಡರೆ ಕೇಳಿ: ಗೋ ಅರೌಂಡ್ ಅಂದ್ರ ಏನ್ರೀ? ಅಷ್ಟೇ ಸಾಕು. ಹೇಳುತ್ತಾರೆ. ಹೆದರಿಕೆ ಆಗಲಿ, ಆಗಬೇಕು. ಹೆದರಿದವರು ತಟ್ಟೆ ಕೆಳಗಿಡುತ್ತಾರೆ.

ಆ ಅರ್ಜಿ ಹೋಗದಿದ್ದರೆ ನನಗೆ ಈ ಕೆಲಸ ಇರುವುದಿಲ್ಲ. ಬೇಡ. ಕ್ಯಾಪ್ಟನ್ ದನಿ ನೆಟ್ಟಗೆ ಒಂಬತ್ತನೆಯ ಸಾಲಿಗೆ ಹೋಗಲಿ.

ಕಡೆಯಲ್ಲಿ ‘ತಮಗೆ ಅನುಕೂಲವಿದ್ದರೆ’ ಎಂದು ಬರೆಯಲು ಕೈ ತಾನಾಗಿ ಹೋಯಿತು. ಬರೆದದ್ದನ್ನು ಗೀಚಿ ಹಾಕಿದ್ದೇನೆ, ಕಾಣುತ್ತದೆ ನೋಡಿ.

ಆ ಅರ್ಜಿ ಹರಿದುಹಾಕಿ, ಅಜ್ಜಿ. ಈಗಲೇ. ಹರಿದುಹಾಕಿ!