ಬಲಗಡೆಯ ಸ್ಪೀಕರ್

ತೋಟದ ವಸ್ತಿ, ರಾಯಬಾಗ ತಾಲೂಕು
ಮಂಗಳವಾರ, 13 ಜನವರಿ 2026

ಪ್ರೀತಿಯ ಗಂಗಾ,

ಈ ಕಾಲದಲ್ಲಿ ಬಾಣಂತಿಗೆ ಕಾಗದ ಬರೆಯುವ ಗಂಡ ಎಲ್ಲಿದ್ದಾನು ಎಂದು ನೀನು ನಗಬಹುದು. ಫೋನು ಕೈಯಲ್ಲೇ ಇದೆ. ಆದರೆ ನೀನು ಎರಡು ಮಾತು ಆಡುವಷ್ಟರಲ್ಲಿ ನಾನು "ಸ್ಟುಡಿಯೋಕ್ಕ ಮಂದಿ ಬಂದಾರ" ಎಂದು ಇಟ್ಟುಬಿಡುತ್ತೇನೆ. ಹದಿನೈದು ದಿನದಿಂದ ಹೀಗೇ ಮಾಡಿದ್ದೇನೆ. ಮಂದಿ ಯಾರೂ ಬಂದಿರಲಿಲ್ಲ ಗಂಗಾ. ಅದಕ್ಕೇ ಈ ಕಾಗದವನ್ನು ನಮ್ಮ ತಾರಕ್ಕನ ಕೈಯಲ್ಲಿ ನಿನ್ನ ತವರಿಗೆ, ಬೋರಗಾಂವಕ್ಕೆ ಕಳಿಸುತ್ತಿದ್ದೇನೆ. ಅಂಟು ಗಟ್ಟಿಯಾಗಿ ಹಚ್ಚಿದ್ದೇನೆ. ಒಬ್ಬಳೇ ಇದ್ದಾಗ ಓದು.

ಹೊಸ ಸ್ಪೀಕರಿನ ಕಥೆ ನಿನಗೆ ಅರ್ಧ ಗೊತ್ತು. ದೀಪಾವಳಿ ಆದ ಮೇಲೆ ನಾನೂ ಜಕ್ಕಪ್ಪ ಮಾಮಾನೂ ಕೊಲ್ಲಾಪುರಕ್ಕೆ ಸುರಜನ ಅಂಗಡಿಗೆ ಹೋಗಿದ್ದೆವಲ್ಲ. ಅಲ್ಲಿ ನಾಲ್ಕು ಜೋಡಿ ಮಾನಿಟರ್ ಸ್ಪೀಕರ್ ಸಾಲಾಗಿ ಇಟ್ಟಿದ್ದರು. ಮನೆಯಲ್ಲಿ ಹಾಡು ಕೇಳುವ ಸ್ಪೀಕರ್ ಎಲ್ಲವನ್ನೂ ಚೆಂದ ಮಾಡಿ ಕೇಳಿಸುತ್ತದೆ. ಮಾನಿಟರ್ ಹಾಗಲ್ಲ, ದನಿ ಒಡೆದಿದ್ದರೆ ಒಡೆದಿದೆ ಎಂದೇ ಹೇಳುತ್ತದೆ. ನಾನು ನಮ್ಮ ಮೇಳದ್ದೇ, ಮಾಮಾ ಹಾಡಿದ ಡೊಳ್ಳಿನ ಪದ ಹಾಕಿಸಿದೆ. ಮೊದಲ ಜೋಡಿ ಕೇಳಿ ಮಾಮಾ, "ಇದು ಡೊಳ್ಳ ಅಲ್ಲಲೇ, ಹಿಟ್ಟಿನ ಡಬ್ಬಿ" ಎಂದ. ಎರಡನೆಯದಕ್ಕೆ, "ಇದರಾಗ ನಾ ಭಾಳ ಚಲೋ ಹಾಡೇನಿ. ಸುಳ್ಳ ಹೇಳತೈತಿ, ಬ್ಯಾಡ" ಎಂದ. ಮೂರನೆಯದು ಎಂಟು ಇಂಚಿನದು, ಅಂಗಡಿಯ ಗಾಜೇ ನಡುಗಿತು. ನನಗೆ ಅದೇ ಬೇಕಿತ್ತು. ನಮ್ಮ ಹತ್ತಡಿ ಕೋಣೆಗೆ ಅಷ್ಟು ದೊಡ್ಡದು ತಂದರೆ ಕೆಳದನಿ ಮೂಲೆಯಲ್ಲಿ ಗುಮ್ಮೆಂದು ಕೂತುಬಿಡುತ್ತದೆ ಎಂದು ಸುರಜ ತಡೆದ. ನಾಲ್ಕನೆಯ ಜೋಡಿಗೆ ಮಾಮಾ ಕಣ್ಣು ಮುಚ್ಚಿ ತೊಡೆ ಬಡಿಯುತ್ತ ಕೂತ. "ಎಡಗೈ ಪೆಟ್ಟ ಎಡಗೈದಾಗ ಐತಿ. ಇದನ್ನ ತಗೋ" ಎಂದ. ಅದರ ಹೊಟ್ಟೆಯಲ್ಲಿ ಆಂಪ್ಲಿಫೈಯರ್ ಇರಲಿಲ್ಲ, ಬೇರೆ ಕೊಳ್ಳಬೇಕಿತ್ತು. "ಭಾವು, ಆಂಪ್ಲಿಫೈಯರಿಗೆ ತಾಕತ್ತ ಜಾಸ್ತಿ ಇರಲಿ. ಸಣ್ಣ ಎತ್ತಿಗೆ ದೊಡ್ಡ ಗಾಡಿ ಹೂಡಿದರ ಅದು ಮುಕ್ಕರಿಸತೈತಿ" ಎಂದು ಸುರಜ ದೊಡ್ಡದನ್ನೇ ಕೊಟ್ಟ.

ಮೊದಲು ಉಣ್ಣೆ ಇಡುತ್ತಿದ್ದ ನಮ್ಮ ಸ್ಟುಡಿಯೋ ಕೋಣೆಯ ನಾಲ್ಕೂ ಗೋಡೆಗೆ ಕರಿ ಕಂಬಳಿ ತೂಗುಹಾಕಿದಾಗ, "ಗ್ವಾಡಿಗೂ ಥಂಡಿ ಹತ್ತೇತೇನ್ರಿ?" ಎಂದು ಬಸುರಿ ಹೊಟ್ಟೆ ಹಿಡಿದುಕೊಂಡು ನೀನು ನಕ್ಕಿದ್ದೆ. ಮಾಮಾ ಆಂಪ್ಲಿಫೈಯರಿಗೆ ಬೀರಪ್ಪ ದೇವರ ಅರಿಸಿನದ ಭಂಡಾರ ಹಚ್ಚಿದ. ನೀನು ತವರಿಗೆ ಹೋದೆ. ನಿನಗೆ ಗೊತ್ತಿಲ್ಲದ ಅರ್ಧ ಅಲ್ಲಿಂದ ಶುರು.

ಮೊದಲ ದಿನವೇ ಬಲಗಡೆಯ ಸ್ಪೀಕರ್ ಮಂಕಾಗಿತ್ತು. ವೈರು ಬದಲಿಸಿದೆ. ಆಂಪ್ಲಿಫೈಯರ್ ವಾಪಸು ಕಳಿಸಿದೆ, ಸುರಜ ಬೇರೆ ಕೊಟ್ಟ. ಅದೂ ಹಾಗೇ. ಬಲಗಡೆಯ ಸ್ಪೀಕರನ್ನೇ ವಾಪಸು ಕಳಿಸಿದೆ, ಹೊಸದು ಬಂತು. ಅದೂ ಹಾಗೇ. ಕೊನೆಗೆ ಸುರಜ ತಾನೇ ಗಾಡಿ ಹೊಡೆದುಕೊಂಡು ಬಂದ. ನಾನು ಕೂರುವ ಕುರ್ಚಿಯ ಮೇಲೆ ಅಳತೆಯ ಮೈಕು ಇಟ್ಟು ನೋಡಿದ. "ದೋನ್ಹೀ ಸಾರಖೇ ಅದಾವ ಭಾವು. ಕೂದಲಷ್ಟೂ ಫರಕ್ ಇಲ್ಲ" ಎಂದ. ಹಾಗಾದರೆ ಕರೆಂಟಿನ ದೋಷ ಇರಬೇಕು ಎಂದೆ. ಅವನು ನನ್ನ ಮುಖ ನೋಡಿದ, ಚಹಾ ಕುಡಿದು ಹೋದ.

ಅವನು ಹೋದ ಮೇಲೆ ಮಟಮಟ ಮಧ್ಯಾಹ್ನ ಎರಡೂ ಸ್ಪೀಕರನ್ನು ಅದಲು ಬದಲು ಮಾಡಿದೆ. ಆದರೂ ಬಲಗಡೆಯೇ ಮಂಕು. ಗೋಡೆಯ ಮೇಲೆ ಗುಮಾನಿ ಬಂದು ಕಂಬಳಿ ಸರಿಸಿದೆ. ಕೊನೆಗೆ, ಯಾಕೋ ಏನೋ, ಕುರ್ಚಿಯನ್ನೇ ತಿರುಗಿಸಿ ಸ್ಪೀಕರಿಗೆ ಬೆನ್ನು ಮಾಡಿ ಕೂತೆ. ಅಷ್ಟು ದಿನ ಮಂಕಾಗಿದ್ದ ಮೂಲೆ ತುಂಬುದನಿಯಲ್ಲಿ ಹಾಡಿತು. ಚೆನ್ನಾಗಿದ್ದ ಮೂಲೆ ಸತ್ತಿತು. ಮತ್ತೆ ತಿರುಗಿದೆ. ಮತ್ತೆ ತಿರುಗಿದೆ. ಸ್ಪೀಕರ್ ಇದ್ದಲ್ಲೇ ಇತ್ತು ಗಂಗಾ, ತಿರುಗುತ್ತಿದ್ದದ್ದು ನನ್ನ ತಲೆ. ಎಲ್ಲ ಬಂದ್ ಮಾಡಿ ಬಲಗಿವಿಯ ಹತ್ತಿರ ಬೆರಳು ಉಜ್ಜಿಕೊಂಡೆ. ಏನೂ ಇಲ್ಲ. ಉಗುರಿನಿಂದ ಕೆರೆದೆ. ಏನೂ ಇಲ್ಲ. ಯಾರಿಗೂ ಹೇಳದೆ ಮಿರಜಿಗೆ, ಕಿವಿಯ ಡಾಕ್ಟರ ಹತ್ತಿರ ಹೋದೆ.

ಎಂಟು ವರ್ಷದವನಿದ್ದಾಗಿನಿಂದ ತಾಳ ಹಿಡಿದು ಮಾಮಾನ ಎಡಕ್ಕೆ ನಿಂತವನು ನಾನು. ಅವನ ಡೊಳ್ಳು ನನ್ನ ಬಲಗಿವಿಗೆ ಒಂದು ಗೇಣು ದೂರ. ಹಾಡಿಕೆ ಮುಗಿದ ಮೇಲೆ ಎರಡು ದಿನ ಕಿವಿ ಗುಂಯ್ ಎನ್ನುತ್ತಿತ್ತು. "ಬೀರಪ್ಪ ಇನ್ನೂ ನಿನ್ನ ಕಿವ್ಯಾಗ ಹಾಡಾಕತ್ತಾನ, ಪುಣ್ಯಾ ಮಾಡಿ" ಎಂದು ಹಿರಿಯರು ಹೇಳಿದರೆ ನಾನು ಕಿವಿ ಮುಟ್ಟಿ ಕೈಮುಗಿಯುತ್ತಿದ್ದೆ. ಗುಂಯ್ ಎನ್ನದ ದಿನ ಬೇಜಾರಾಗುತ್ತಿತ್ತು. ಡಾಕ್ಟರ ಮುಂದೆ ಇದನ್ನು ಹೇಳಿದೆ. ಅವರು ನಗಲಿಲ್ಲ. ಅದು ಕಿವಿ ನೊಂದು ಕೂಗುತ್ತಿದ್ದದ್ದು ಎಂದರು. ಬಲಗಿವಿಯಲ್ಲಿ ಹೋದದ್ದು ಬರುವುದಿಲ್ಲವಂತೆ. ಎಡಗಿವಿಯೂ ಅಂಚಿನಲ್ಲಿ ಸವೆಯತೊಡಗಿದೆಯಂತೆ. ಜೋರು ಸದ್ದಿನಿಂದ ದೂರ ಇದ್ದರೆ ಇದಾದರೂ ಉಳಿದೀತು ಎಂದರು.

ಹೋದ ವರ್ಷ ಚಿಕ್ಕೋಡಿಯ ಮಲ್ಲೇಶ ನಮ್ಮ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿಸಿದ್ದ ತನ್ನ ಹಾಡು ಕೇಳಿ, "ಮ್ಯಾಳೆಲ್ಲಾ ಒಂದಽ ಕಿವ್ಯಾಗ ಹೊಕ್ಕ ಕುಂತೇತಲ್ಲೋ ಭರಮು" ಎಂದಿದ್ದ. ಹೊಸ ಇಯರ್‌ಫೋನ್ ಕೊಳ್ಳೋ ಜಿಪುಣಾ ಎಂದು ಹಂಗಿಸಿ ಕಳಿಸಿದ್ದೆ. ಈಗ ಲೆಕ್ಕ ತಿಳಿಯಿತು. ನನಗೆ ಬಲಗಡೆ ಕೇಳಿಸದಿದ್ದಕ್ಕೆ ಮೂರು ವರ್ಷದಿಂದ ಬಲಗಡೆಯನ್ನೇ ಏರಿಸುತ್ತ ಬಂದಿದ್ದೇನೆ. ಒಂಟಿಗಿವಿಯವನ ಹತ್ತಿರ ಯಾವ ಮೇಳ ಬಂದೀತು? ಈ ಒಂದು ಕಿವಿಯೂ ಹೋದರೆ ನಾನು ಯಾರು? ಬೆಳಗ್ಗೆ ಎದ್ದೊಡನೆ ಎಡಗಿವಿಯ ಹತ್ತಿರ ಬೆರಳು ಉಜ್ಜಿ ನೋಡಿಕೊಳ್ಳುತ್ತೇನೆ. ಕೇಳಿಸಿದ ಮೇಲೆಯೇ ಹಾಸಿಗೆ ಬಿಡುತ್ತೇನೆ.

ಇದಕ್ಕಿಂತ ದೊಡ್ಡ ಅಂಜಿಕೆ ಇನ್ನೊಂದಿದೆ. ನಿಪ್ಪಾಣಿಯ ದವಾಖಾನೆಯಲ್ಲಿ ಕೂಸು ಅತ್ತಾಗ ನಾನು ಎಡಕ್ಕೆ ತಿರುಗಿ ಕಿಟಕಿ ನೋಡಿದೆ. ಕೂಸು ನನ್ನ ಬಲಕ್ಕೆ ನರ್ಸಿನ ಕೈಯಲ್ಲಿತ್ತು. "ಅಪ್ಪಗ ಖುಷಿಗೆ ದಿಕ್ಕ ತಪ್ಪೇತಿ" ಎಂದು ನಿಮ್ಮವ್ವ ನಕ್ಕಳು, ನಾನೂ ನಕ್ಕೆ. ನಮ್ಮ ಅಜ್ಜನೂ ಕಿವುಡ. ಇದು ರಕ್ತದಲ್ಲಿ ಬಂದದ್ದಲ್ಲ, ಸದ್ದಿನಿಂದ ಬಂದದ್ದು ಎಂದು ಡಾಕ್ಟರು ಎರಡು ಸಲ ಹೇಳಿದರು. ಮನಸ್ಸು ಕೇಳುವುದಿಲ್ಲ. ರವಿವಾರ ಕೂಸನ್ನು ತೊಟ್ಟಿಲಿಗೆ ಹಾಕುವಾಗ ತಾರಕ್ಕ ಸೋದರತ್ತೆಯಾಗಿ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುತ್ತಾಳೆ. ನೀವೆಲ್ಲ ಶಾಸ್ತ್ರದಂತೆ ಅವಳ ಬೆನ್ನಿಗೆ ಗುದ್ದುವುದಕ್ಕೆ ಮೊದಲು ಎರಡೂ ಕಿವಿಯಲ್ಲಿ ಹೇಳಿಸು. ಕೂಸು ಮಿಸುಕುತ್ತದೋ ಇಲ್ಲವೋ ನೋಡು. ಆಮೇಲೆ ಪರೀಕ್ಷೆ ಮಾಡಿಸೋಣ.

ಸ್ಪೀಕರ್ ವಾಪಸು ಕೊಡುವುದಿಲ್ಲ. ನನಗೆ ನಿಜ ಹೇಳಿದ್ದು ಅದೊಂದೇ. ಆಂಪ್ಲಿಫೈಯರಿನ ತಿರುಪಿಗೆ ಡಾಕ್ಟರು ಹೇಳಿದಷ್ಟಕ್ಕೆ ಭಂಡಾರದ ಗುರುತು ಹಾಕಿದ್ದೇನೆ, ದಾಟುವುದಿಲ್ಲ. ಕಿವಿಯಲ್ಲಿ ಹತ್ತಿ ಇಡದೆ ಇನ್ನು ಮೇಳದಲ್ಲಿ ನಿಲ್ಲುವುದಿಲ್ಲ, ಮಾಮಾ ಎಷ್ಟೇ ಬೈಯಲಿ. ಹಾಡು ಹೊರಗೆ ಹೋಗುವುದಕ್ಕೆ ಮೊದಲು ಆ ಕುರ್ಚಿಯ ಮೇಲೆ ನೀನು ಕೂರಬೇಕು. ಬಲ ಹೆಚ್ಚಾಯಿತೋ ಎಡ ಹೆಚ್ಚಾಯಿತೋ ನೀನೇ ಹೇಳಬೇಕು. ಮಗ್ಗದ ಸದ್ದಿನಲ್ಲಿ ಬೆಳೆದೂ ನಿನ್ನ ಕಿವಿ ಚುರುಕಾಗಿದೆ. ಕಿವಿ ಮಂದವಾದ ನಿಮ್ಮಪ್ಪನ ಹತ್ತಿರ ಸಿಟ್ಟಿಲ್ಲದೆ ಮಾತಾಡುವುದೂ ನಿನಗೆ ಗೊತ್ತಿದೆ.

ರವಿವಾರ ಬರುತ್ತೇನೆ. ನನ್ನ ಎಡಕ್ಕೆ ಕೂರು.

ನಿನ್ನ,
ಭರಮು

ತಾಜಾ ಕಲಂ: ಹೋದ ಗುರುವಾರ ನಿಮ್ಮ ಕಟ್ಟೆಯ ಮೇಲೆ ಸಣ್ಣ ಕಂಬಳಿಯೊಂದು ಸಿಕ್ಕಿತು, ಯಾರು ಇಟ್ಟು ಹೋದರೋ ಎಂದು ನಿಮ್ಮವ್ವ ಫೋನಿನಲ್ಲಿ ಕೇಳಿದಳಲ್ಲ, ಗೊತ್ತಿಲ್ಲ ಎಂದೆ. ಇಟ್ಟವನು ನಾನೇ. ಓಣಿಯ ತುಂಬ ಮಗ್ಗದ ಸದ್ದು, ಅದರ ನಡುವೆ ನಮ್ಮ ಕೂಸು ಅಳುವುದು ಕೇಳಿಸಿತು. ಹಿಂದಿನ ಕೋಣೆಯಿಂದಲೋ, ಮಾಳಿಗೆಯಿಂದಲೋ, ಪಕ್ಕದ ಮನೆಯಿಂದಲೋ ನನಗೆ ತಿಳಿಯಲೇ ಇಲ್ಲ. ಮನೆಯವರ ಕಣ್ಣಮುಂದೆ ಮತ್ತೆ ತಪ್ಪು ದಿಕ್ಕಿಗೆ ತಿರುಗಿಬಿಟ್ಟೇನು ಎಂದು ಅಂಜಿ ಓಡಿಬಂದೆ. ರವಿವಾರ ನನ್ನನ್ನು ಕೂಗಬೇಡ. ಮಗ್ಗದ ಮುಂದೆ ನಿಮ್ಮಪ್ಪನಿಗೆ ಮಾಡುತ್ತೀಯಲ್ಲ, ಹಾಗೆ ಬಾಗಿಲಲ್ಲಿ ನಿಂತು ಕೈ ಮಾಡು. ನೋಡಿಕೊಂಡು ಬರುತ್ತೇನೆ.