ಪ್ರತಿಕೂಲ ಮಾತ್ರ ತಿಳಿಸತಕ್ಕದ್ದು

1972 ಏಪ್ರಿಲ್ 3, ಸೋಮವಾರ

ಅರಗಿನ ವಾಸನೆ ಇನ್ನೂ ಬೆರಳಿನಿಂದ ಹೋಗಿಲ್ಲ. ಸಿ.ಆರ್. ಕಾಲ, ಅಂದರೆ ನೌಕರರ ಮೇಲಿನ ಗೋಪ್ಯ ವರದಿಗಳ ಕಾಲ. ಮುದ್ರೆ ಒತ್ತಿದ ಕವರುಗಳು ಬರುತ್ತಲೇ ಇವೆ — ಯಾರು ಚುರುಕು, ಯಾರು ಸೋಮಾರಿ, ಯಾರು ಎದುರು ಮಾತಾಡುತ್ತಾರೆ, ಎಲ್ಲ ಮೇಲಧಿಕಾರಿಗಳ ಕೈಬರಹದಲ್ಲಿ. ಒಡೆಯುವುದು, ಓದುವುದು, ಕಪಾಟಿನಲ್ಲಿಟ್ಟು ಬೀಗ ಹಾಕುವುದು. ಇಡೀ ವಿಶ್ವವಿದ್ಯಾಲಯದಲ್ಲಿ ಆ ಬೀಗದ ಕೈ ಇರುವುದು ನನ್ನ ಸೊಂಟದಲ್ಲಿ.

ನಿಯಮ ಒಂದೇ. ಪ್ರತಿಕೂಲ ಅಭಿಪ್ರಾಯವಿದ್ದರೆ ಜೂನ್‌ನಲ್ಲಿ ಆ ನೌಕರನಿಗೆ ಮೆಮೊ. ಒಳ್ಳೆಯದಿದ್ದರೆ ತಿಳಿಸುವ ಹಾಗಿಲ್ಲ. ಹೊಗಳಿಕೆ ಕಪಾಟಿನಲ್ಲೇ ಮುದಿಯಾಗುತ್ತದೆ.

ಇವತ್ತು ಲೈಬ್ರರಿಯ ಕವರು. ಹರಿಣಾಕ್ಷಿಯದೂ ಇತ್ತು — ತೀರಿಹೋದ ನಮ್ಮ ಸುಬ್ರಾಯ ಮಾಸ್ತರರ ಮಗಳು. ಏನಿತ್ತೆಂದು ಇಲ್ಲಿಯೂ ಬರೆಯುವುದಿಲ್ಲ. ಓದಿ ಕನ್ನಡಕ ಒರೆಸಿಕೊಂಡೆ. ಅಷ್ಟೇ.

ಸಾಂಬಾರಿಗೆ ಉಪ್ಪು ಹೆಚ್ಚು. ಹೆಂಡತಿ ಸುಮಿತ್ರಳಿಗೆ ಹೇಳಿದೆ.

ಏಪ್ರಿಲ್ 9, ಆದಿತ್ಯವಾರ

ಕೊಚ್ಚಿಯಿಂದ ನಿತ್ಯಾನಂದ ಬಂದಿದ್ದ. ಬ್ಯಾಂಕಿನಲ್ಲಿ ಆಫೀಸರು, ಕಾಸರಗೋಡಿನ ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚು. ಅವನ ಮಗ ನಟರಾಜ ಅಲ್ಲೇ ಬಂದರಿನಲ್ಲಿ ಎಂಜಿನಿಯರ್. ಹರಿಣಾಕ್ಷಿಯನ್ನು ನೋಡಿ ಒಪ್ಪಿದ್ದಾನೆ. ಅವಳೂ ಒಪ್ಪಿದ್ದಾಳೆ. ಜಾತಕ ಕೂಡಿದೆ. ಕೇಳಿ ಖುಷಿಯಾಯಿತು. ನಿತ್ಯಾನಂದ ಇಡ್ಲಿ ಮುಗಿಸಿ, ಕೈ ತೊಳೆದು ಬಂದು, ಸ್ವರ ತಗ್ಗಿಸಿ —

"ಅವಳ ಸಿ.ಆರ್. ನಿನ್ನ ಹತ್ರವೇ ಉಂಟಲ್ಲ ಮಾರಾಯ. ಒಂದು ಮಾತು ಹೇಳು. ಜಾತಕದವ ದಕ್ಷಿಣೆ ನೋಡಿ ಬರೀತಾನೆ. ಆಫೀಸರ್‌ಗೆ ಸುಳ್ಳು ಬರೆದು ಎಂತ ಸಿಗ್ಲಿಕ್ಕುಂಟು?"

ಮೈ ಉರಿಯಿತು. ಬಡ್ತಿಗೆಂದು ಬರೆಸಿದ್ದನ್ನು ಮದುವೆಗೆ ಓದುವುದೆ? ನಾಳೆ ಮನೆ ಬಾಡಿಗೆಗೆ ಕೊಡುವವನೂ ಕೇಳುತ್ತಾನೆ. ಹಾಲಿನವನೂ ಕೇಳುತ್ತಾನೆ. ಹೇಳಲಾರೆ ಎಂದೆ. ಒಳ್ಳೆಯದು ಅಂತಾದರೂ ಹೇಳು ಎಂದ. ಅದನ್ನೂ ಹೇಳಲಾರೆ ಎಂದೆ. ನನ್ನ ಮುಖವನ್ನೇ ದಿಟ್ಟಿಸಿ ನೋಡಿ, ಕೊಡೆ ತೆಗೆದುಕೊಂಡು ಹೋದ.

ಅವನಿಗೆ ನೆನಪಿಲ್ಲವೆ? 1932. ಇದೇ ಹುಡುಗಿಯ ಅಪ್ಪ ನಮ್ಮಿಬ್ಬರಿಗೂ ಮಾಸ್ತರು. ಹೆಡ್‌ಮಾಸ್ತರರು ಮೇಲಕ್ಕೆ ಗುಟ್ಟಾಗಿ ಬರೆದರು — ಖಾದಿ ಉಡುತ್ತಾನೆ, ಮಕ್ಕಳು ಇವನ ಮಾತು ಕೇಳುತ್ತಾರೆ. ಎರಡನೆಯದೇ ದೊಡ್ಡ ಅಪರಾಧ. ಕೆಲಸ ಹೋಯಿತು. ಯಾಕೆಂದು ಮಾಸ್ತರರಿಗೆ ತಿಳಿಯುವಾಗ ತಲೆ ನೆರೆತಿತ್ತು. ಬೆನ್ನ ಹಿಂದೆ ಬರೆದ ಒಂದು ಸಾಲು ಏನು ಮಾಡುತ್ತದೆಂದು ಕಂಡವನು ನಾನು. ಅವನೂ ಕಂಡಿದ್ದಾನೆ...

ಏಪ್ರಿಲ್ 23, ಆದಿತ್ಯವಾರ

ಹರಿಣಾಕ್ಷಿಯ ತಾಯಿ ಜಯಮ್ಮ ಬಂದರು. ಶ್ರೀಕಾರ್ಯಂನಿಂದ ಪಟ್ಟಂನ ನಮ್ಮ ಮನೆಯವರೆಗೆ ಬಸ್ಸಿನಲ್ಲಿ ನಿಂತೇ ಬಂದರಂತೆ. ಸುಮಿತ್ರ ಮಜ್ಜಿಗೆ ಕೊಟ್ಟಳು. ಮುಟ್ಟಲಿಲ್ಲ.

ಸಂಬಂಧ ಬೇಡವೆಂದು ನಿತ್ಯಾನಂದ ಹೇಳಿ ಕಳುಹಿಸಿದ್ದಾನೆ. ಕಾರಣ ನಾನು. ಒಳ್ಳೆಯದಿದ್ದರೆ ರಾಯ ನಕ್ಕಾದರೂ ನಗುತ್ತಿದ್ದ, ಬಾಯಿಯೇ ಬಿಡಲಿಲ್ಲ ಎಂದ ಮೇಲೆ ಜೂನ್‌ನಲ್ಲಿ ಹುಡುಗಿಗೆ ಮೆಮೊ ಖಂಡಿತ — ಹಾಗೆ ಲೆಕ್ಕ ಹಾಕಿದನಂತೆ.

"ಎಂತ ಬರ್ದಿದ್ದಾರೆ ರಾಯರೇ, ನನ್ನ ಮಗಳ ಮೇಲೆ?"

ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. ಜಯಮ್ಮನೂ ನನ್ನ ಮೌನವನ್ನು ಕೆಟ್ಟದ್ದೆಂದೇ ತಿಳಿದು ಎದ್ದು ಹೋದರು.

ಸುಮಿತ್ರ ಮಜ್ಜಿಗೆಯ ಲೋಟ ಎತ್ತಿಕೊಂಡಳು. "ಬೀಗ ಕಪಾಟಿಗೆ ಮಾತ್ರ ಅಂತ ಎಣಿಸಿದ್ದೆ."

ಏಪ್ರಿಲ್ 24

ಮಧ್ಯಾಹ್ನ ಲೈಬ್ರರಿಗೆ ಹೋದೆ. ಹರಿಣಾಕ್ಷಿ ಕ್ಯಾಟಲಾಗ್ ಕಾರ್ಡು ಬರೆಯುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ —

"ನಂಗೆ ಹೇಳ್ಬೇಡಿ ಮಾವ. ನಂದು ಹೇಳಿದ್ರೆ ನಾಳೆ ಇನ್ನೊಬ್ಬರದ್ದೂ ಹೇಳ್ಬೇಕಾಗ್ತದೆ. ಆದ್ರೆ ಒಂದು ಕೇಳಿ ಅವರ ಹತ್ರ. ಅವರ ಮಗನ ಸಿ.ಆರ್. ಯಾರು ನೋಡಿದ್ದಾರೆ?"

ನಕ್ಕಳು. ಆಮೇಲೆ ಬರೆದ ಕಾರ್ಡನ್ನೇ ಮತ್ತೊಮ್ಮೆ ಬರೆದಳು.

ಮೇ 7, ಆದಿತ್ಯವಾರ. ಎರ್ನಾಕುಳಂ

ನಿತ್ಯಾನಂದನ ಮನೆಯ ಜಗಲಿಯಲ್ಲಿ ಕುಳಿತಿದ್ದೇನೆ. ನಿನ್ನೆ ತಂಪಾನೂರು ನಿಲ್ದಾಣದಿಂದ ಬಸ್ಸು, ಬೆನ್ನು ಹಿಡಿದುಕೊಂಡಿದೆ. ಬೀಗದ ಕೈ ಆಫೀಸಿನಲ್ಲೇ ಸೀಲು ಮಾಡಿಸಿ ಬಂದೆ. ಸೊಂಟ ಬರಿದು ಬರಿದು.

ಹದಿನೈದು ದಿನ ಯೋಚಿಸಿದ ಮೇಲೆ ಹೊಳೆದದ್ದು ಇಷ್ಟು: ಕಪಾಟಿನೊಳಗಿನದು ನನ್ನದಲ್ಲ. ಕಣ್ಣಿನೊಳಗಿನದು ನನ್ನದು.

ನಿತ್ಯಾನಂದನಿಗೆ ಹೇಳಿದೆ. ಸಂಜೆ ಲೈಬ್ರರಿಗೆ ಒಬ್ಬ ಪೆನ್ಶನರು ಬರುತ್ತಾರೆ, ಪೇಪರಿನ ಮೇಲೆ ತಲೆಯಿಟ್ಟು ನಿದ್ದೆ ಹೋಗುತ್ತಾರೆ. ಹರಿಣಾಕ್ಷಿ ಅವರನ್ನು ಎಬ್ಬಿಸುವುದಿಲ್ಲ. ಬೇರೆ ಕಿಟಕಿಗಳನ್ನೆಲ್ಲ ಮುಚ್ಚಿ, ಕೊನೆಗೆ ಅವರ ಕಿಟಕಿಯ ಹತ್ತಿರ ಬೀಗದ ಕೈಗಳ ಗೊಂಚಲು ಕುಲುಕುತ್ತ ನಡೆಯುತ್ತಾಳೆ. ಅವರು ತಾವೇ ಎದ್ದಂತೆ ಏಳುತ್ತಾರೆ. ಪುಸ್ತಕದ ಪುಟವನ್ನು ಬ್ಲೇಡಿನಿಂದ ಕತ್ತರಿಸಿದ ಪ್ರೊಫೆಸರನ್ನು ಅವಳು ಎಲ್ಲರೆದುರು ನಿಲ್ಲಿಸಿ ಬೈದದ್ದನ್ನೂ ಹೇಳಿದೆ. ಕೋಪ ಉಂಟು ಅವಳಿಗೆ, ಅದೂ ತಿಳಿದಿರಲಿ ಎಂದೆ. ಮಾಸ್ತರರ ಕಥೆಯನ್ನೂ ನೆನಪಿಸಿದೆ. ಕೊನೆಗೆ ಅವಳ ಪ್ರಶ್ನೆಯನ್ನು ಅವಳ ಮಾತಿನಲ್ಲೇ ಒಪ್ಪಿಸಿದೆ.

ನಿತ್ಯಾನಂದ ಕಾಲಿನ ಹೆಬ್ಬೆರಳು ನೋಡುತ್ತ, "ಮಾಸ್ತರು ನಂಗೆ ಎರಡು ವರ್ಷ ಫೀಸು ಕಟ್ಟಿದ್ರು" ಎಂದ.

ಬಾಗಿಲ ಬಳಿ ನಿಂತಿದ್ದ ನಟರಾಜ ನನ್ನನ್ನು ಬೋಟ್ ಜೆಟ್ಟಿ ತೋರಿಸಲು ಕರೆದೊಯ್ದ. ಸಂಕೋಚದ ಹುಡುಗ. ದಾರಿಯಲ್ಲಿ ಕೇಳಿದ್ದು ಒಂದೇ — ಲೈಬ್ರರಿ ಎಷ್ಟು ಗಂಟೆಗೆ ತೆರೆಯುತ್ತದೆ?

ಮೇ 15

ನಟರಾಜ ರಜೆ ಹಾಕಿ ಬಂದು, ಲೈಬ್ರರಿಯ ಕೌಂಟರಿನಲ್ಲಿ ಅವಳಿಗೊಂದು ಹಾಳೆ ಕೊಟ್ಟನಂತೆ. ತನ್ನ ಸಿ.ಆರ್., ತಾನೇ ಬರೆದದ್ದು. ಗೊರಕೆ ಹೊಡೆಯುತ್ತೇನೆ. ಬಟ್ಟೆ ಮಡಚುವುದಿಲ್ಲ. ಅಪ್ಪನೆದುರು ಬಾಯಿ ಬರುವುದಿಲ್ಲ. ಈ ವಾರ ಒಮ್ಮೆ ಬಂತು. ಕೆಳಗೆ ಸಹಿ, ಅದರ ಕೆಳಗೆ — ನಿಯಮದಂತೆ ಒಳ್ಳೆಯದನ್ನು ತಿಳಿಸಿಲ್ಲ.

ಸಂಜೆ ಹರಿಣಾಕ್ಷಿ ಅದನ್ನು ಮನೆಗೆ ತಂದು ತೋರಿಸಿದಳು. ಕಿವಿಯವರೆಗೂ ಕೆಂಪಾಗಿದ್ದಳು. ಸುಮಿತ್ರ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡು,

"ನಮ್ಮಲ್ಲೂ ಇದೇ ರೂಲು ಮಗಾ. ಇಪ್ಪತ್ತಾರು ವರ್ಷದಿಂದ ನಂಗೆ ಉಪ್ಪಿನ ಮೆಮೊ ಮಾತ್ರ ಬರ್ತಾ ಉಂಟು."

ನಾನೂ ನಕ್ಕೆ. ಹರಿಣಾಕ್ಷಿ ಹೋದ ಮೇಲೆ ನಗು ಬರಲಿಲ್ಲ.

ಜೂನ್ 12

ಮೆಮೊಗಳು ಹೋದವು. ಲೈಬ್ರರಿಗೆ ಒಂದೂ ಇಲ್ಲ. ಮದುವೆ ಶ್ರಾವಣದಲ್ಲಿ. ಜಯಮ್ಮ ಬಂದು, ತಾವೇ ಕೇಳಿ ಎರಡು ಲೋಟ ಮಜ್ಜಿಗೆ ಕುಡಿದು ಹೋದರು.

ರಿಜಿಸ್ಟ್ರಾರರಿಗೆ ಟಿಪ್ಪಣಿ ಬರೆದಿಟ್ಟೆ. ಬೀಗ ಹೊರಗಿನವರಿಗೆ ಇರಲಿ, ಇನ್ನೂ ಬಿಗಿಯಾಗಲಿ. ಯಾರ ಬಗ್ಗೆ ಬರೆದಿದೆಯೋ ಅವರಿಗೇ ಯಾಕೆ? ಉತ್ತರ ಬರುವುದಿಲ್ಲ, ಗೊತ್ತು. ಹರಿಣಾಕ್ಷಿಯ ಮೇಲೆ ಬರೆದ ಆ ನಾಲ್ಕು ಸಾಲು ಅವಳಿಗೆ ಎಂದೂ ತಿಳಿಯುವುದಿಲ್ಲ. ನಾನು ರಿಟೈರಾಗುವಾಗ ನನ್ನ ಜೊತೆಗೇ...

ಅದೇ ದಿನ, ಊಟದ ನಂತರ

ಸಾಂಬಾರು ಹದವಾಗಿತ್ತು. ಹೇಳಿದೆ. ಸುಮಿತ್ರ ಸೌಟು ಕೆಳಗಿಟ್ಟು ನನ್ನ ಹಣೆ ಮುಟ್ಟಿ ನೋಡಿದಳು. "ಜ್ವರ ಇಲ್ವಲ್ಲ" ಎಂದಳು.

ಈಗ ಒಳಗೆ ಪಾತ್ರೆ ತೊಳೆಯುತ್ತ ಏನೋ ಗುನುಗುತ್ತಿದ್ದಾಳೆ. ಹೇಳುವುದು ಇನ್ನೂ ಇದೆ. ನಮ್ಮ ಕಾಸರಗೋಡು ಕೇರಳಕ್ಕೆ ಸೇರಿ ನಾವು ಇಲ್ಲಿಗೆ ಬಂದ ವರ್ಷ ನನಗೆ ಮಲಯಾಳಂ ಅಕ್ಷರ ಬರುತ್ತಿರಲಿಲ್ಲ. ಇವಳು ಪಕ್ಕದ ಮನೆಯ ಮಕ್ಕಳ ಹತ್ತಿರ ಕುಳಿತು ಕಲಿತು, ಬೆಳಿಗ್ಗೆ ಬಸ್ ಸ್ಟಾಪಿನವರೆಗೂ ಬಂದು ಬೋರ್ಡು ಓದಿ ನನ್ನನ್ನು ಹತ್ತಿಸುತ್ತಿದ್ದಳು. ಅಕ್ಕಪಕ್ಕದವರಿಗೆ ಗೊತ್ತಾಗದಿರಲೆಂದು ಕೈಯಲ್ಲೊಂದು ತರಕಾರಿ ಚೀಲ...

ಇಲ್ಲಿ ಬರೆದಿಟ್ಟರೆ ಇದೂ ಕಪಾಟಿಗೇ. ಪೆನ್ನು ಮುಚ್ಚಿ ಅಡುಗೆಮನೆಗೆ —