ಮೆಟ್ಟಿಲಿನಿಂದ ಬಿದ್ದ ಕಥೆ

ಮಾರ್ಚ್ ೧೪, ಗುರುವಾರ

ಮಣಿಕಟ್ಟು ಇನ್ನೂ ನೋಯುತ್ತಿದೆ. ಮೆಟ್ಟಿಲಿನಿಂದ ಬಿದ್ದ ಒಂದೇ ಕಥೆಯನ್ನು ಇವತ್ತು ಮೂರು ಥರ ಹೇಳಿದೆ. ಡಾಕ್ಟರ ಮುಂದೆ ಪಾಠ ಒಪ್ಪಿಸಿದಂತೆ, "ಬೆಳಿಗ್ಗೆ ಎಂಟಕ್ಕೆ ಕಾಲು ಜಾರಿತು" ಎಂದೆ. ಹೊಲಿಗೆ ಅಂಗಡಿಯಲ್ಲಿ ಅಭಿನಯ ಸಮೇತ, "ಕುಂಬಳಕಾಯಿ ಥರ ಉರುಳಿದೆ ಕಣ್ರೇ!" ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ನಾನೂ ನಕ್ಕೆ. ಫೋನಿನಲ್ಲಿ ಅಮ್ಮನಿಗೆ, "ಏನಿಲ್ಲಮ್ಮ, ಸ್ವಲ್ಪ ಉಳುಕಿದೆ ಅಷ್ಟೆ."

"ತಂಗಿಗೆ ಹೇಳಿದ್ಯಾ?"

ಮಾತು ಬದಲಿಸಿದೆ.

ನಿಜವನ್ನು ಇಲ್ಲಾದರೂ ಬರೆಯುತ್ತೇನೆ. ಕೆಳಗಿನಿಂದ ಯಾರೋ "ಅಕ್ಕಾ" ಎಂದು ಕೂಗಿದರು. ತಂಗಿ ನನ್ನ ಜೊತೆ ಜಗಳವಾಡಿ ಈ ಮನೆ ಬಿಟ್ಟುಹೋಗಿ ಎಂಟು ತಿಂಗಳಾಯಿತು. ಅವಳೇ ಬಂದಳೆಂದು ಬರಿಗಾಲಲ್ಲೇ ಓಡಿದೆ, ಬಿದ್ದೆ. ಕೂಗಿದವಳು ಹಾಲಿನವಳು, ಕರೆದದ್ದು ಕೆಳಮನೆಯವರನ್ನು. ಅಷ್ಟರಲ್ಲಿ ನಾನು ಬಿದ್ದಲ್ಲಿಂದಲೇ "ಬಂದೆ ಕಣೇ, ಹೋಗ್ಬೇಡ" ಎಂದುಬಿಟ್ಟಿದ್ದೆ.